ಕೈಯಿಂದ ಕೈಗೆ ಜಾರದಂತೆ: ಕಾಲೇಜಿನ ಕೌನ್ಸೆಲಿಂಗ್ ಕೇಂದ್ರದಲ್ಲಿ ಆತ್ಮಹತ್ಯೆಯ ಯೋಚನೆಗೆ ಚಿಕಿತ್ಸೆ, ಹಂತ ಹಂತವಾಗಿ

ಇದನ್ನು ಓದುತ್ತಿರುವ ನೀವೇ ಅಂಥ ಯೋಚನೆಯಲ್ಲಿದ್ದರೆ ಮಾರ್ಗದರ್ಶಿಯನ್ನು ಆಮೇಲೆ ಓದಿದರಾಯಿತು. ಈಗಲೇ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಒತ್ತುವಷ್ಟೂ ಚೈತನ್ಯವಿಲ್ಲದಿದ್ದರೆ ಪಕ್ಕದ ರೂಮಿನ ಬಾಗಿಲು ತಟ್ಟಿ, "ಸ್ವಲ್ಪ ಹೊತ್ತು ನನ್ನ ಜೊತೆ ಇರು" ಅನ್ನಿ, ಅಷ್ಟು ಸಾಕು. ಜೀವಕ್ಕೆ ಈ ಗಳಿಗೆಯಲ್ಲೇ ಅಪಾಯವಿದ್ದರೆ 112 ಅಥವಾ 108.

ಉಳಿದದ್ದು ಬೆಂಗಳೂರಿನ ಕಾಲೇಜು, ವಿಶ್ವವಿದ್ಯಾಲಯಗಳ ಕೌನ್ಸೆಲರ್‌ಗಳಿಗೆ, ಮೆಂಟರ್‌ಗಳಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳ ಪ್ರಕಾರ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರು ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಅಧಿಕೃತ ಏರ್ಪಾಡು ಮಾಡಿಕೊಳ್ಳಬೇಕು. ಆದರೆ ಬಾಗಿಲಿಗೆ ಬೋರ್ಡು ಹಾಕಿದ ಮಾತ್ರಕ್ಕೆ ಯಾರ ಜೀವವೂ ಉಳಿಯುವುದಿಲ್ಲ. ವಿದ್ಯಾರ್ಥಿ ನಮ್ಮ ಕೈತಪ್ಪುವುದು ಬಹುಮಟ್ಟಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವಾಗ. ಮೆಂಟರ್ "ಕೌನ್ಸೆಲರ್ ಹತ್ರ ಹೋಗು" ಅಂದರು, ಆತ ಹೋಗಲಿಲ್ಲ. ಕೌನ್ಸೆಲರ್ ಆಸ್ಪತ್ರೆಗೆ ಚೀಟಿ ಬರೆದರು, ಚೀಟಿ ಬ್ಯಾಗಿನಲ್ಲೇ ಉಳಿಯಿತು. ಆಸ್ಪತ್ರೆ ಬಿಡುಗಡೆ ಮಾಡಿತು, ಹಾಸ್ಟೆಲ್‌ಗೆ ಗೊತ್ತೇ ಆಗಲಿಲ್ಲ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಇಂಥ ದಾಟುವ ಜಾಗಗಳ ಬಗ್ಗೆಯೇ ಇದೆ.

ಮೊದಲೇ ಸಿದ್ಧವಿರಬೇಕಾದದ್ದು

ಕೌನ್ಸೆಲಿಂಗ್ ಕೋಣೆ ಪ್ರಿನ್ಸಿಪಾಲರ ಚೇಂಬರ್ ಪಕ್ಕದಲ್ಲಿ ಬೇಡ, ಶಿಸ್ತು ಸಮಿತಿ ಕೂರುವ ಕಾರಿಡಾರ್‌ನಲ್ಲಿಯೂ ಬೇಡ. ಅಲ್ಲಿ ಕಾಯುತ್ತಾ ಕೂತವರನ್ನು ಇಡೀ ಕಾಲೇಜು ನೋಡುತ್ತದೆ. ಗ್ರಂಥಾಲಯದ ಬಳಿ ಅಥವಾ ಆರೋಗ್ಯ ಕೇಂದ್ರದ ಬಳಿ ಇದ್ದರೆ ಬರುವವರಿಗೆ ಒಂದು ನೆಪ ಸಿಗುತ್ತದೆ. ಒಳಗಿನ ಮಾತು ಹೊರಗೆ ಕೇಳಿಸಬಾರದು. ಮೇಜು ಅಡ್ಡವಿಲ್ಲದೆ ಎರಡು ಕುರ್ಚಿ, ಇಬ್ಬರಿಗೂ ಕಾಣುವ ಗಡಿಯಾರ, ನೀರು. ಇದಕ್ಕಿಂತ ಹೆಚ್ಚಿನ ಅಲಂಕಾರ ಬೇಕಿಲ್ಲ.

ಅಂತಾರಾಷ್ಟ್ರೀಯ ಕೌನ್ಸೆಲಿಂಗ್ ಸೇವೆಗಳ ಸಂಘದ ಮಾನದಂಡದಲ್ಲಿ 1,000ದಿಂದ 1,500 ವಿದ್ಯಾರ್ಥಿಗಳಿಗೆ ಒಬ್ಬ ಪೂರ್ಣಾವಧಿ ಕೌನ್ಸೆಲರ್ ಎಂಬ ಲೆಕ್ಕವಿದೆ. ನಿಮ್ಮಲ್ಲಿ 6,000 ವಿದ್ಯಾರ್ಥಿಗಳಿಗೆ ಒಬ್ಬರೇ ಇದ್ದರೆ ದಿನದ ವೇಳಾಪಟ್ಟಿಯನ್ನು ಪೂರ್ತಿ ತುಂಬಿಸಲೇಬೇಡಿ. ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ ಖಾಲಿ ಬಿಡಿ. "ಸಾಯಬೇಕು ಅನ್ಸುತ್ತೆ" ಅಂತ ಬಂದವರಿಗೆ ಮುಂದಿನ ಗುರುವಾರದ ಅಪಾಯಿಂಟ್‌ಮೆಂಟ್ ಕೊಡುವ ಪರಿಸ್ಥಿತಿ ಬರಬಾರದು, ಬಂದವರನ್ನು ಅಂದೇ ನೋಡಬೇಕು.

ಇನ್ನೊಂದು ಸಿದ್ಧತೆ ಒಂದು ಪುಟದ ಪಟ್ಟಿ. ಕ್ಯಾಂಪಸ್‌ಗೆ ಅತಿ ಹತ್ತಿರದ, ಕ್ಯಾಶುಯಾಲ್ಟಿ ಇರುವ ಜನರಲ್ ಆಸ್ಪತ್ರೆ, ನೀವು ಫೋನ್ ಮಾಡಿದರೆ ಎತ್ತುವ ಒಬ್ಬ ಮನೋವೈದ್ಯರು, ರಾತ್ರಿ ಗಾಡಿ ಯಾರು ತರುತ್ತಾರೆ, ಗಂಡು ಮಕ್ಕಳ ಮತ್ತು ಹೆಣ್ಣು ಮಕ್ಕಳ ಹಾಸ್ಟೆಲ್‌ನಲ್ಲಿ ಜೊತೆಗೆ ಹೋಗುವವರು ಯಾರು, ಎಲ್ಲವೂ ಅದರಲ್ಲಿರಲಿ. ಪ್ರತಿ ಸೆಮಿಸ್ಟರ್ ಶುರುವಿನಲ್ಲಿ ಪಟ್ಟಿಯ ಪ್ರತಿ ನಂಬರಿಗೂ ಒಮ್ಮೆ ಕರೆ ಮಾಡಿ ನೋಡಿ. ರಾತ್ರಿ ಹನ್ನೊಂದಕ್ಕೆ ಬೇಕಾದಾಗ "ಈ ನಂಬರ್ ಚಾಲ್ತಿಯಲ್ಲಿಲ್ಲ" ಎಂದು ಕೇಳಿಸಿಕೊಂಡವರಿಗೆ ಇದರ ಬೆಲೆ ಗೊತ್ತು.

ಮೆಂಟರ್, ವಾರ್ಡನ್, ಗೆಳೆಯರು ಗಮನಿಸಬೇಕಾದದ್ದು

ವಿದ್ಯಾರ್ಥಿಗಳು ನೇರವಾಗಿ "ಆತ್ಮಹತ್ಯೆ" ಅನ್ನುವ ಪದ ಬಳಸುವುದು ಅಪರೂಪ. ಮೈಸೂರು, ಮಂಡ್ಯದ ಕಡೆಯವರು "ಸಾಕಾಗೋಗಿದೆ ಸಾರ್" ಅನ್ನುತ್ತಾರೆ. ಕಲಬುರಗಿ, ರಾಯಚೂರಿನ ಹುಡುಗ "ಜೀವಾ ಬ್ಯಾಸರ ಆಗ್ಯಾದ್ರಿ" ಅನ್ನಬಹುದು. "ಮನೇವ್ರಿಗೆ ಭಾರ ಆಗಿದ್ದೀನಿ", "ನಾನಿಲ್ದಿದ್ರೆ ಎಲ್ರಿಗೂ ನಿರಾಳ", "ಮಲಗಿದ್ರೆ ಬೆಳಿಗ್ಗೆ ಏಳಲೇಬಾರ್ದು ಅನ್ಸುತ್ತೆ" ಎಂಬ ಮಾತುಗಳನ್ನು ಬೇಸರದ ಮಾತೆಂದು ತಳ್ಳಿಹಾಕಬೇಡಿ. ಅದರಲ್ಲೂ "ಭಾರ" ಎನ್ನುವ ಪದಕ್ಕೆ ಕಿವಿ ನಿಮಿರಲಿ. ತಾನು ಇತರರಿಗೆ ಹೊರೆ ಎಂಬ ನಂಬಿಕೆ ಆತ್ಮಹತ್ಯೆಯ ಯೋಚನೆಗೆ ತೀರಾ ಹತ್ತಿರದ್ದು.

ನಡವಳಿಕೆಯಲ್ಲಿ ಕಾಣುವುದು: ಹಾಜರಾತಿ ಇದ್ದಕ್ಕಿದ್ದಂತೆ ಕುಸಿಯುವುದು, ಮೆಸ್‌ಗೆ ಬಾರದಿರುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಸಾಲ ತೀರಿಸಿ ಎಲ್ಲರಿಗೂ ಕ್ಷಮೆ ಕೇಳುವುದು, ಕುಡಿತ ಹೆಚ್ಚುವುದು, ರಾತ್ರಿಯಿಡೀ ನಿದ್ದೆಗೆಡುವುದು. ವಾರಗಟ್ಟಲೆ ಕುಗ್ಗಿದ್ದವರು ಒಂದು ದಿನ ಕಾರಣವಿಲ್ಲದೆ ಶಾಂತರಾಗಿ ಕಂಡರೆ "ಸದ್ಯ, ಸರಿಹೋದ" ಎಂದುಕೊಳ್ಳದೆ ಅಂದೇ ಹೋಗಿ ಮಾತಾಡಿಸಿ.

ವರ್ಷದಲ್ಲಿ ಕೆಲವು ದಿನಗಳಿಗೆ ಮೊದಲೇ ಗುರುತು ಹಾಕಿಕೊಳ್ಳಿ: ಮೊದಲ ಸೆಮಿಸ್ಟರ್ ಫಲಿತಾಂಶ, ಇಯರ್ ಬ್ಯಾಕ್ ಪಟ್ಟಿ, ಹಾಜರಾತಿ ಕೊರತೆಯಿಂದ ಹಾಲ್ ಟಿಕೆಟ್ ತಡೆಹಿಡಿಯುವ ದಿನ, ಪ್ಲೇಸ್‌ಮೆಂಟ್ ಕೊನೆಯ ಸುತ್ತು. ಇಯರ್ ಬ್ಯಾಕ್ ಸುದ್ದಿ ಒಬ್ಬನೇ ರೂಮಿನಲ್ಲಿ ಕೂತು ಮೊಬೈಲಿನಲ್ಲಿ ನೋಡುವುದಕ್ಕೂ, ಮೆಂಟರ್ ಕರೆದು "ಮುಂದೇನು ಮಾಡೋಣ" ಎಂಬ ಹಾಳೆಯೊಂದಿಗೆ ಹೇಳುವುದಕ್ಕೂ ಬಹಳ ಅಂತರವಿದೆ.

ಕೈ ಬದಲಾಗುವ ಮೊದಲ ಜಾಗ ಇಲ್ಲೇ ಇದೆ. "ಹೋಗು" ಎಂದು ಕಳಿಸಬೇಡಿ, "ಬಾ, ಹೋಗೋಣ" ಎಂದು ಜೊತೆಗೆ ನಡೆಯಿರಿ. ಕೌನ್ಸೆಲರ್ ಕೋಣೆ ಮುಟ್ಟುವ ತನಕ ಆ ವಿದ್ಯಾರ್ಥಿ ನಿಮ್ಮ ಜವಾಬ್ದಾರಿ. ಕೌನ್ಸೆಲರ್ ಬೇರೆಯವರ ಜೊತೆ ಇದ್ದರೆ ಬಾಗಿಲು ತಟ್ಟಿ, "ತುರ್ತು" ಎಂಬ ಒಂದೇ ಪದ ಹೇಳಿ.

ಕೇಳುವ ಬಗೆ

ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಅಧ್ಯಾಪಕರಲ್ಲಿ ಬಹಳ. ಸಂಶೋಧನೆಗಳು ಇದನ್ನು ಒಪ್ಪುವುದಿಲ್ಲ. ನೇರವಾಗಿ ಕೇಳಿದಾಗ ಅಪಾಯ ಹೆಚ್ಚುವುದಿಲ್ಲ, ಬದಲಿಗೆ ಬಹಳ ದಿನದಿಂದ ಒಳಗೇ ಹೊತ್ತಿದ್ದನ್ನು ಇಳಿಸಲು ಒಂದು ಜಾಗ ಸಿಗುತ್ತದೆ.

ಆದರೆ ಕೇಳುವ ಧಾಟಿ ಉತ್ತರವನ್ನೇ ಬದಲಿಸಿಬಿಡುತ್ತದೆ. "ಹಾಗೆಲ್ಲಾ ಏನೂ ಯೋಚನೆ ಮಾಡ್ತಿಲ್ಲ ತಾನೇ?" ಎಂದು ಕೇಳಿದರೆ "ಇಲ್ಲ ಮೇಡಂ" ಎಂಬ ಉತ್ತರವನ್ನು ನೀವೇ ಬಾಯಿಗಿಟ್ಟಂತೆ. ಆ "ತಾನೇ" ಬಾಗಿಲು ಮುಚ್ಚುತ್ತದೆ. ಹೀಗೆ ಕೇಳಿ: "ಇಷ್ಟೊಂದು ಕಷ್ಟ ಆದಾಗ ಕೆಲವರಿಗೆ ಸಾಯಬೇಕು ಅನ್ನೋ ಯೋಚನೆ ಬರುತ್ತೆ. ನಿಮಗೆ ಹಾಗೆ ಅನ್ಸಿದೆಯಾ?" ಕೇಳಿದ ಮೇಲೆ ಸುಮ್ಮನಿರಿ. ಐದಾರು ಸೆಕೆಂಡಿನ ಮೌನ ಬಹಳ ಉದ್ದವೆನಿಸುತ್ತದೆ, ಆದರೂ ತಡೆದುಕೊಳ್ಳಿ.

"ಹೌದು" ಎಂದಾಗ ಹೇಳಬಾರದ ಮಾತುಗಳಿವೆ. "ಅಪ್ಪ ಅಮ್ಮನ ಮುಖ ನೋಡು, ಎಷ್ಟು ಕಷ್ಟಪಟ್ಟು ಓದಿಸ್ತಿದ್ದಾರೆ" ಎಂಬುದು ಅವುಗಳಲ್ಲಿ ಮೊದಲನೆಯದು. ಹೊರೆಯಾಗಿದ್ದೇನೆ ಎಂದುಕೊಂಡವರ ಮೇಲೆ ಇನ್ನೊಂದು ಮೂಟೆ ಹೊರಿಸಿದಂತೆ ಅದು. "ಇಷ್ಟಕ್ಕೆಲ್ಲಾ ಯಾರಾದ್ರೂ ಸಾಯ್ತಾರಾ", "ಧೈರ್ಯವಾಗಿರು" ಕೂಡ ಬೇಡ. "ಹೇಳಿದ್ದು ಒಳ್ಳೇದಾಯ್ತು. ಇದನ್ನ ಒಬ್ರೇ ಹೊತ್ಕೊಂಡು ಎಷ್ಟು ದಿನ ಆಯ್ತು?" ಎಂದರೆ ಮಾತು ಮುಂದುವರಿಯುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಆತ ವ್ಯಾಕರಣದ ಕಡೆ ಗಮನ ಕೊಡುತ್ತಾನೆಯೇ ಹೊರತು ನೋವಿನ ಕಡೆಗಲ್ಲ. ನಿಮಗೆ ಬಾರದ ಭಾಷೆಯವರು ಬಂದರೆ ಟೆಲಿ ಮಾನಸ್‌ನಲ್ಲಿ ಹಲವು ಭಾರತೀಯ ಭಾಷೆಗಳಲ್ಲಿ ಮಾತಾಡುವ ಸೌಲಭ್ಯವಿದೆ. ಕೋಣೆಯಲ್ಲೇ ಕೂತು ಜೊತೆಯಾಗಿ ಕರೆ ಮಾಡಿ. ಸಹಪಾಠಿಯನ್ನು ದುಭಾಷಿ ಮಾಡಿಕೊಳ್ಳಬೇಡಿ.

ಅಪಾಯದ ಮಟ್ಟ ತಿಳಿಯಲು ಆರು ಪ್ರಶ್ನೆ

ಕೊಲಂಬಿಯಾ ಮಾಪಕವೆಂದು ಹೆಸರಾದ ಪ್ರಶ್ನಾವಳಿಯ ಚಿಕ್ಕ ರೂಪವನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಕೇಳುವುದಕ್ಕೆ ಐದು ನಿಮಿಷ ಸಾಕು. ಅದರ ಸಾರ ಇಷ್ಟು. ಮೊದಲ ಐದು ಕಳೆದ ಒಂದು ತಿಂಗಳಿಗೆ ಸಂಬಂಧಿಸಿದ್ದು.

1. ಬದುಕೇ ಬೇಡ, ಮಲಗಿದರೆ ಏಳಬಾರದು ಅನ್ನಿಸಿದೆಯೇ?
2. ಪ್ರಾಣ ಕಳೆದುಕೊಳ್ಳುವ ಯೋಚನೆ ನಿಜವಾಗಿಯೂ ಬಂದಿದೆಯೇ?
3. ಹೇಗೆ ಎಂದು ಯೋಚಿಸಿದ್ದೀರಾ?
4. ಹಾಗೆ ಮಾಡಬೇಕೆಂಬ ಉದ್ದೇಶ ಸ್ವಲ್ಪವಾದರೂ ಇತ್ತೇ?
5. ಯಾವಾಗ, ಎಲ್ಲಿ ಎಂದು ವಿವರವಾಗಿ ಯೋಜಿಸಿ, ಅದರಂತೆ ಮಾಡಲು ಉದ್ದೇಶಿಸಿದ್ದೀರಾ?
6. ಎಂದಾದರೂ ಪ್ರಯತ್ನಿಸಿದ್ದೀರಾ, ತಯಾರಿ ಮಾಡಿಕೊಂಡಿದ್ದೀರಾ? ಅದು ಕಳೆದ ಮೂರು ತಿಂಗಳೊಳಗೆಯೇ?

ಎರಡನೆಯದಕ್ಕೆ "ಇಲ್ಲ" ಬಂದರೆ ನೇರವಾಗಿ ಆರನೆಯದಕ್ಕೆ ಹೋಗಬಹುದು. ಆದರೆ ಆರನೆಯದನ್ನು ಎಂದೂ ಬಿಡಬಾರದು, ಹಿಂದಿನ ಪ್ರಯತ್ನ ಮುಂದಿನ ಅಪಾಯದ ಬಲವಾದ ಸೂಚನೆ. ಒಂದಕ್ಕೆ ಅಥವಾ ಎರಡಕ್ಕೆ ಮಾತ್ರ "ಹೌದು" ಎಂದರೆ ಅಪಾಯ ಕಡಿಮೆ: ಸುರಕ್ಷಾ ಯೋಜನೆ (ಇದರ ವಿವರ ಮುಂದಿನ ಭಾಗದಲ್ಲಿದೆ) ಬರೆದು, ಅದೇ ವಾರ ಮತ್ತೆ ಭೇಟಿ. ಮೂರನೆಯದಕ್ಕೆ "ಹೌದು", ಅಥವಾ ಮೂರು ತಿಂಗಳಿಗಿಂತ ಹಿಂದೆ ಪ್ರಯತ್ನವಿದ್ದರೆ ಮಧ್ಯಮ: ಸುರಕ್ಷಾ ಯೋಜನೆಯ ಜೊತೆ ಒಂದೆರಡು ದಿನದೊಳಗೆ ಮನೋವೈದ್ಯರ ಭೇಟಿ. ನಾಲ್ಕು, ಐದಕ್ಕೆ "ಹೌದು", ಅಥವಾ ಮೂರು ತಿಂಗಳೊಳಗಿನ ಪ್ರಯತ್ನವಿದ್ದರೆ ಒಬ್ಬರನ್ನೇ ಬಿಡುವಂತಿಲ್ಲ, ಅಂದೇ ಆಸ್ಪತ್ರೆ.

ಮಾಪಕ ನಿಮ್ಮ ವಿವೇಚನೆಯ ಜಾಗ ತುಂಬುವುದಿಲ್ಲ. ಎಲ್ಲಕ್ಕೂ "ಇಲ್ಲ" ಎಂದರೂ ಕಣ್ಣೆತ್ತಿ ನೋಡದ, ಎರಡು ದಿನದಿಂದ ಊಟ ಬಿಟ್ಟಿರುವ ವಿದ್ಯಾರ್ಥಿಯನ್ನು ಅಪಾಯವಿಲ್ಲ ಎಂದು ಕಳಿಸಬೇಡಿ. ದಾಖಲೆಯಲ್ಲಿ ವಿದ್ಯಾರ್ಥಿ ಬಳಸಿದ ಪದಗಳನ್ನೇ, ಸಮಯದ ಜೊತೆ, ನಿಮ್ಮ ನಿರ್ಧಾರಕ್ಕೆ ಕಾರಣದ ಜೊತೆ ಬರೆಯಿರಿ. ಈ ಕಡತ ಶೈಕ್ಷಣಿಕ ಕಡತದ ಜೊತೆ ಎಂದೂ ಸೇರಬಾರದು.

ಸುರಕ್ಷಾ ಯೋಜನೆ: ಇಡೀ ಕೆಲಸದ ತಿರುಳು

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ವಿಧಾನ ಇದು. 2018ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ, ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದವರಿಗೆ ಈ ಯೋಜನೆ ಬರೆಸಿ ಆಮೇಲೆ ಫೋನಿನಲ್ಲಿ ವಿಚಾರಿಸುತ್ತಿದ್ದಾಗ, ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆ ಸುಮಾರು 45% ಕಡಿಮೆ ಕಂಡಿತು. ಒಂದು ಹಾಳೆ, ಒಂದು ಪೆನ್ನು, 30ರಿಂದ 45 ನಿಮಿಷ ಇದ್ದರೆ ಬರೆಯಬಹುದು.

ಬರೆಯಬೇಕಾದವರು ವಿದ್ಯಾರ್ಥಿ, ಅದೂ ತಮ್ಮದೇ ಮಾತಿನಲ್ಲಿ. ನೀವು ಟೈಪ್ ಮಾಡಿ ಕೊಟ್ಟ ನಮೂನೆ ಡ್ರಾಯರ್ ಸೇರುತ್ತದೆ. ಸಾಯುವ ತುಡಿತ ಅಲೆಯಂತೆ ಏರಿ ಇಳಿಯುತ್ತದೆ. ಅದರ ತೀವ್ರ ಹೊತ್ತು ಸಾಮಾನ್ಯವಾಗಿ ಬಹಳ ಉದ್ದವಿರುವುದಿಲ್ಲ ಎಂಬುದನ್ನು ಮೊದಲು ವಿವರಿಸಿ. ಆ ಹೊತ್ತನ್ನು ದಾಟಿಸುವುದೇ ಈ ಹಾಳೆಯ ಕೆಲಸ.

ಮೊದಲ ಭಾಗದಲ್ಲಿ ಅಲೆ ಏಳುವ ಮುನ್ನಿನ ಗುರುತುಗಳು. "ಬೇಜಾರಾದಾಗ" ಎಂದು ಬರೆದರೆ ಒಪ್ಪಬೇಡಿ. "ರಾತ್ರಿ ಒಂದು ಗಂಟೆ ಮೇಲೆ ರಿಸಲ್ಟ್ ಪೇಜ್ ಮತ್ತೆ ಮತ್ತೆ ತೆಗೆದು ನೋಡೋದು", "ಅಪ್ಪನ ಫೋನ್ ಕಟ್ ಮಾಡಿ ರೂಮ್ ಲೈಟ್ ಆರಿಸೋದು" ಎಂಬಷ್ಟು ನಿಖರವಾಗಿರಲಿ. ಎರಡನೆಯದು ಯಾರ ಸಹಾಯವೂ ಇಲ್ಲದೆ ತಾನೇ ಮಾಡಬಹುದಾದದ್ದು: ತಣ್ಣೀರಲ್ಲಿ ಮುಖ ತೊಳೆಯುವುದು, ಹಳೇ ಹಾಡು ಕೇಳುವುದು, ಬಟ್ಟೆ ಒಗೆಯುವುದು. "ಇದನ್ನ ಆ ಹೊತ್ತಲ್ಲಿ ಮಾಡೋಕೆ ಆಗುತ್ತಾ? ಅಡ್ಡಿ ಏನು ಬರಬಹುದು?" ಎಂದು ಒಂದೊಂದಕ್ಕೂ ಕೇಳಿ.

ಮೂರನೆಯದು ಮನಸ್ಸು ಬೇರೆಡೆ ತಿರುಗುವ ಜನ ಮತ್ತು ಜಾಗ. ಇಲ್ಲಿ ಆಗುವ ತಪ್ಪು ಸಮಯದ್ದು. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎಂದು ಬರೆಯುತ್ತಾರೆ, ರಾತ್ರಿ ಎರಡಕ್ಕೆ ಅವೆರಡೂ ತೆರೆದಿರುವುದಿಲ್ಲ, ಮೆಟ್ರೋ ಕೂಡ ಇರುವುದಿಲ್ಲ. ಹಗಲಿಗೆ ಒಂದು, ರಾತ್ರಿಗೆ ಒಂದು ಬೇಕು. ಹಾಸ್ಟೆಲ್‌ನ ಟಿವಿ ಹಾಲ್, ರಾತ್ರಿಯಿಡೀ ತೆರೆದಿರುವ ಓದುವ ಕೋಣೆ, ಸೆಕ್ಯುರಿಟಿ ಅಣ್ಣ ಕೂರುವ ಗೇಟಿನ ಬಳಿಯ ಬೆಂಚು ಆಗಬಹುದು.

ನಾಲ್ಕನೆಯದು "ನನಗೆ ಹೀಗಾಗ್ತಿದೆ" ಎಂದು ಬಾಯಿಬಿಟ್ಟು ಹೇಳಬಹುದಾದ ಇಬ್ಬರು. ಅಕ್ಕ, ದೊಡ್ಡಮ್ಮನ ಮಗ, ಪಿಯುಸಿಯ ಗೆಳತಿ, ಯಾರಾದರೂ ಸರಿ. ಅಪ್ಪ ಅಮ್ಮನೇ ಆಗಬೇಕೆಂದಿಲ್ಲ. ಹೆಸರು ಬರೆದರೆ ಸಾಲದು, ಸಾಧ್ಯವಾದರೆ ಆ ಕೋಣೆಯಿಂದಲೇ ಕರೆ ಮಾಡಿಸಿ, "ನಿನ್ನ ಹೆಸರು ಬರ್ಕೊಂಡಿದ್ದೀನಿ, ರಾತ್ರಿ ಫೋನ್ ಮಾಡಿದ್ರೆ ಎತ್ತು" ಎಂದು ಹೇಳಿಸಿ. ಐದನೆಯದು ವೃತ್ತಿಪರರು: ನಿಮ್ಮ ಕೇಂದ್ರ, ಮನೋವೈದ್ಯರು, 14416, 112. ನಂಬರುಗಳನ್ನು ಆಗಲೇ ಮೊಬೈಲಿನಲ್ಲಿ ಸೇವ್ ಮಾಡಿಸಿ.

ಆರನೆಯದು ಸುತ್ತಲಿನ ಜಾಗವನ್ನು ಸುರಕ್ಷಿತವಾಗಿಸುವುದು. ಕೌನ್ಸೆಲರ್‌ಗಳು ಮುಜುಗರದಿಂದ ಬಿಟ್ಟುಬಿಡುವ ಭಾಗ ಇದೇ, ಆದರೆ ಪರಿಣಾಮದ ದೃಷ್ಟಿಯಿಂದ ಅತಿ ಮುಖ್ಯವಾದದ್ದೂ ಇದೇ. ಆ ತೀವ್ರ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆಟುಕದಿದ್ದರೆ ಬಹಳಷ್ಟು ಜನ ಬದುಕುತ್ತಾರೆ, ಎಟುಕದ್ದರ ಬದಲು ಇನ್ನೊಂದನ್ನು ಹುಡುಕಿಕೊಂಡು ಹೋಗುವವರು ಕಡಿಮೆ. ವಿದ್ಯಾರ್ಥಿ ಯೋಚಿಸಿದ್ದ ವಸ್ತು ಯಾವುದೋ ಅದನ್ನು ಯಾರು, ಯಾವಾಗ, ಎಲ್ಲಿಗೆ ಸಾಗಿಸುತ್ತಾರೆ ಎಂದು ನಿರ್ಧರಿಸಿ, ಅಂದೇ ಸಾಗಿಸಿ. ಮಾತ್ರೆಗಳಿದ್ದರೆ ವಾರ್ಡನ್ ಅಥವಾ ರೂಮ್‌ಮೇಟ್ ಬಳಿ. ಟೆರೇಸ್ ಬೀಗದ ಕೀ ಯಾರ ಬಳಿ ಇದೆ ನೋಡಿ. ಕೆಲವು ರಾತ್ರಿ ರೂಮ್ ಬದಲಿಸುವುದು, ಗೆಳೆಯರೊಬ್ಬರು ಜೊತೆ ಮಲಗುವುದು ಕೂಡ ಇದರಲ್ಲೇ ಬರುತ್ತದೆ. ಪಿಜಿಯಲ್ಲಿರುವವರಿಗೆ ವಾರ್ಡನ್ ಇರುವುದಿಲ್ಲ. ಪಿಜಿ ಮಾಲೀಕರಿಗೆ ವಿಷಯ ಹೇಳಿದರೆ ಖಾಲಿ ಮಾಡಿಸುವ ಸಂಭವವೇ ಹೆಚ್ಚು, ಹಾಗಾಗಿ ಒಂದು ವಾರ ಸಂಬಂಧಿಕರ ಮನೆಗೋ ಕಾಲೇಜು ಹಾಸ್ಟೆಲ್‌ನ ಅತಿಥಿ ಕೋಣೆಗೋ ಸ್ಥಳಾಂತರಿಸುವುದು ಮೇಲು.

ಹಾಳೆಯ ಫೋಟೋ ಮೊಬೈಲಿನಲ್ಲಿ, ಮೂಲ ಪ್ರತಿ ಪರ್ಸಿನಲ್ಲಿ, ನಕಲು ನಿಮ್ಮಲ್ಲಿ.

"ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ" ಎಂದು ಸಹಿ ಹಾಕಿಸಿಕೊಳ್ಳುವ ಪದ್ಧತಿ ಇನ್ನೂ ಕೆಲವೆಡೆ ಇದೆ. ದಯವಿಟ್ಟು ನಿಲ್ಲಿಸಿ. ಅದು ಕೆಲಸ ಮಾಡುತ್ತದೆಂಬುದಕ್ಕೆ ಆಧಾರವಿಲ್ಲ. ಸಹಿ ಹಾಕಿದ ಮೇಲೆ ಯೋಚನೆ ಮತ್ತೆ ಬಂದರೆ ವಿದ್ಯಾರ್ಥಿ ಮಾತು ತಪ್ಪಿದೆನೆಂದು ಮುಚ್ಚಿಡುತ್ತಾರೆ. ಪ್ರಿನ್ಸಿಪಾಲರು ಪೋಷಕರಿಂದ ಬರೆಸಿಕೊಳ್ಳುವ ಮುಚ್ಚಳಿಕೆಯೂ ಅಷ್ಟೇ: ಅದರ ಸುದ್ದಿ ಹಬ್ಬಿದ ಹಾಸ್ಟೆಲ್‌ನಲ್ಲಿ ಮುಂದಿನ ವಿದ್ಯಾರ್ಥಿ ಬಾಯಿಬಿಡುವುದಿಲ್ಲ.

ಅಂದೇ ಆಸ್ಪತ್ರೆಗೆ ಹೋಗಬೇಕಾದಾಗ

ಯಾವ ಆಸ್ಪತ್ರೆ ಎನ್ನುವುದರಲ್ಲೇ ಅಮೂಲ್ಯ ಸಮಯ ಕಳೆಯುತ್ತದೆ. ಏನನ್ನಾದರೂ ಸೇವಿಸಿದ್ದರೆ ಅಥವಾ ಗಾಯವಾಗಿದ್ದರೆ ಮೊದಲು ಅತಿ ಹತ್ತಿರದ ಜನರಲ್ ಆಸ್ಪತ್ರೆಯ ಕ್ಯಾಶುಯಾಲ್ಟಿ. ವಾಂತಿ ಮಾಡಿಸುವುದು, ಮನೆಮದ್ದು ಕುಡಿಸುವುದು ಬೇಡ. ಈಗ ಚೆನ್ನಾಗಿಯೇ ಇದ್ದಾರಲ್ಲ ಎಂದು ಕಾಯುವುದೂ ಬೇಡ, ಕೆಲವು ಪದಾರ್ಥಗಳ ಪರಿಣಾಮ ಗಂಟೆಗಳ ಅಥವಾ ದಿನಗಳ ನಂತರ ಕಾಣುತ್ತದೆ. ದೇಹಕ್ಕೆ ಏನೂ ಆಗಿಲ್ಲ, ಯೋಚನೆ ಮಾತ್ರ ತೀವ್ರವಾಗಿದೆ ಎಂದಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ. ಯಲಹಂಕದಿಂದ ಸಂಜೆ ಆರಕ್ಕೆ ಹೊರಟು ಅಲ್ಲಿಗೆ ತಲುಪುವುದಕ್ಕಿಂತ ಹತ್ತಿರದಲ್ಲೇ ಮನೋವೈದ್ಯ ವಿಭಾಗವಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದ್ದರೆ ಅದೇ ಸರಿ.

ಬೈಕು, ಆಟೋ ಬೇಡ. ಕಾರಿನಲ್ಲಿ ಹಿಂದಿನ ಸೀಟಿನ ನಡುವೆ ವಿದ್ಯಾರ್ಥಿ, ಎರಡು ಬದಿ ಇಬ್ಬರು, ಚೈಲ್ಡ್ ಲಾಕ್ ಹಾಕಿರಲಿ. ಜೊತೆಗೊಂದು ಪುಟದ ಪತ್ರ: ವಿದ್ಯಾರ್ಥಿಯದೇ ಮಾತಿನಲ್ಲಿ ಯೋಚನೆಯ ಸ್ವರೂಪ, ಹಿಂದಿನ ಪ್ರಯತ್ನ, ಈಗ ತೆಗೆದುಕೊಳ್ಳುತ್ತಿರುವ ಔಷಧಿ, ಮದ್ಯ ಅಥವಾ ಇತರ ವ್ಯಸನ, ನಿಮ್ಮ ಮೊಬೈಲ್ ನಂಬರ್. ಗುರುತಿನ ಚೀಟಿ, ಬಿಪಿಎಲ್ ಕಾರ್ಡ್ ಇದ್ದರೆ ಅದು, ಮೊಬೈಲ್ ಚಾರ್ಜರ್, ಒಂದು ಜೊತೆ ಬಟ್ಟೆ. ವೈದ್ಯರು ನೋಡಿ ನಿರ್ಧಾರ ಹೇಳುವ ತನಕ ಜೊತೆಗೆ ಹೋದವರು ಅಲ್ಲಿಂದ ಕದಲಬಾರದು.

ಪೊಲೀಸ್ ಕೇಸಾಗುತ್ತದೆಂಬ ಭಯದಿಂದ ಆಸ್ಪತ್ರೆ ತಪ್ಪಿಸುವ ಕುಟುಂಬಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ, ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸಬಹುದು, ಪೊಲೀಸರು ಬಂದು ಹೇಳಿಕೆ ಪಡೆಯಬಹುದು. ಅದು ನಿಯಮದ ಕೆಲಸ ಎಂದು ಮನೆಯವರಿಗೆ ಮೊದಲೇ ಹೇಳಿಬಿಡಿ. ಇದೇ ಕಾಯ್ದೆಯ 94ನೇ ಸೆಕ್ಷನ್ ಜೀವಾಪಾಯವಿದ್ದಾಗ ಯಾವುದೇ ನೋಂದಾಯಿತ ವೈದ್ಯರಿಗೆ 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಲು ಅವಕಾಶ ನೀಡುತ್ತದೆ.

ಮನೆಯವರಿಗೆ ಹೇಳುವುದು

"ಅಮ್ಮಂಗೆ ಹೇಳ್ಬೇಡಿ ಮೇಡಂ, ಪ್ಲೀಸ್." ಈ ಮಾತು ಬಂದೇ ಬರುತ್ತದೆ. 18 ದಾಟಿದವರ ಗೋಪ್ಯತೆ ಅವರ ಹಕ್ಕು. ಜೀವಕ್ಕೆ ಅಪಾಯವಿದ್ದಾಗ ಅಗತ್ಯವಿರುವಷ್ಟು ಮಾಹಿತಿ ಮಾತ್ರ ಹೇಳಬಹುದು ಎಂಬ ವಿನಾಯಿತಿ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿದೆ. ಈ ಮಿತಿಯನ್ನು ಮೊದಲ ಭೇಟಿಯ ಮೊದಲ ಐದು ನಿಮಿಷದಲ್ಲೇ ಹೇಳಿರಬೇಕು. ಎಲ್ಲ ಕೇಳಿಸಿಕೊಂಡ ಮೇಲೆ ಹೇಳಿದರೆ ಮೋಸದಂತೆ ಕಾಣುತ್ತದೆ.

ಕರೆಯನ್ನು ವಿದ್ಯಾರ್ಥಿಯ ಎದುರಿಗೇ ಮಾಡಿ. ಏನು ಹೇಳುತ್ತೇವೆ, ಏನು ಹೇಳುವುದಿಲ್ಲ ಎಂದು ಮೊದಲೇ ಇಬ್ಬರೂ ಕೂತು ತೀರ್ಮಾನಿಸಿ. ಪ್ರೇಮ, ಜಾತಿ, ಅಂಕ ಇವೆಲ್ಲ ಆ ಕರೆಯಲ್ಲಿ ಬರಬೇಕಿಲ್ಲ. "ಅಮ್ಮ, ನಾನು ಕಾಲೇಜಿನಿಂದ ಮಾತಾಡ್ತಿದ್ದೀನಿ. ನಿಮ್ಮ ಮಗಳು ಈಗ ನನ್ನ ಜೊತೆ ಸುರಕ್ಷಿತವಾಗಿದ್ದಾಳೆ. ಮನಸ್ಸಿಗೆ ತುಂಬಾ ಕಷ್ಟ ಆಗಿದೆ, ನೀವು ಬಂದರೆ ಒಳ್ಳೇದು. ಬಂದಾಗ ಬೈಬೇಡಿ, ಏನೂ ಕೇಳ್ಬೇಡಿ, ಜೊತೆಗಿರಿ ಅಷ್ಟೇ." ಯಾರೆಂದು ಹೇಳಿದ ಕೂಡಲೇ "ಸುರಕ್ಷಿತವಾಗಿದ್ದಾಳೆ" ಎಂದು ಬರಲಿ. ಬೀದರಿನಿಂದ ರಾತ್ರಿ ಬಸ್ಸು ಹತ್ತುವ ತಂದೆಗೆ ಆ ಮಾತು ಬೇಕು.

ಮನೆಯೇ ಅಪಾಯದ ಮೂಲವಾಗಿರುವ ಪ್ರಕರಣಗಳೂ ಇವೆ: ಬಲವಂತದ ಮದುವೆ, ಅಂತರ್ಜಾತಿ ಪ್ರೇಮ, ಲೈಂಗಿಕ ಅಲ್ಪಸಂಖ್ಯಾತ ಮಕ್ಕಳು, ಹಿಂಸೆ. ಅಲ್ಲಿ ಅಪ್ಪ ಅಮ್ಮನಿಗೆ ಕರೆ ಮಾಡಿದರೆ ವಿದ್ಯಾರ್ಥಿಯನ್ನು ಬೆಂಕಿಗೇ ಕಳಿಸಿದಂತೆ. ಕಾಯ್ದೆ ವಯಸ್ಕರಿಗೆ ತಮ್ಮ ಪ್ರತಿನಿಧಿಯನ್ನು ತಾವೇ ನೇಮಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಅತ್ತೆ, ಅಣ್ಣ, ನಂಬಿಕಸ್ತ ಗೆಳತಿ, ಯಾರೆಂದು ಅವರೇ ಹೇಳಲಿ.

ಮುಂದಿನ ವಾರಗಳ ಚಿಕಿತ್ಸೆ

ಬಿಕ್ಕಟ್ಟು ತಣಿದ ಮೇಲೆ ಚಿಕಿತ್ಸೆ ಶುರು. ಮೊದಲ ತಿಂಗಳು ವಾರಕ್ಕೆ ಎರಡು ಭೇಟಿ, ನಂತರ ವಾರಕ್ಕೊಂದು, ತಲಾ 50 ನಿಮಿಷ. ಪ್ರತಿ ಭೇಟಿಯೂ ಆ ವಾರದ ಸಾಯುವ ಯೋಚನೆಯ ಬಗ್ಗೆ ಕೇಳಿಯೇ ಶುರುವಾಗಬೇಕು. ಖಿನ್ನತೆ ಕಡಿಮೆಯಾದರೆ ಈ ಯೋಚನೆ ತಾನಾಗಿ ಹೋಗುತ್ತದೆ ಎಂದು ಬಿಡಬಾರದು, ಅದನ್ನೇ ಗುರಿಯಾಗಿಟ್ಟುಕೊಂಡ ಚಿಕಿತ್ಸೆ ಬೇಕು. 2005ರಲ್ಲಿ ಬ್ರೌನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಈಗಾಗಲೇ ಪ್ರಯತ್ನಿಸಿದ್ದವರಿಗೆ 10 ಭೇಟಿಗಳ ಅರಿವಿನ ಚಿಕಿತ್ಸೆ (ಕಾಗ್ನಿಟಿವ್ ಥೆರಪಿ) ಕೊಟ್ಟಾಗ ಮರುಪ್ರಯತ್ನದ ಸಾಧ್ಯತೆ ಸುಮಾರು ಅರ್ಧಕ್ಕಿಳಿಯಿತು.

ಮಾಡುವ ಕೆಲಸ ಇಷ್ಟು. ಕೊನೆಯ ಬಿಕ್ಕಟ್ಟನ್ನು ಗಂಟೆಗಂಟೆಯಾಗಿ ಬಿಡಿಸಿ ನೋಡುವುದು: ಏನಾಯಿತು, ತಲೆಯಲ್ಲಿ ಯಾವ ವಾಕ್ಯ ಓಡಿತು, ಎಲ್ಲಿ ತಿರುವು ಬಂತು. "ಫೇಲಾದೆ" ಎಂಬುದರಿಂದ "ನಾನು ಬದುಕಿ ಪ್ರಯೋಜನವಿಲ್ಲ" ಎಂಬಲ್ಲಿಗೆ ಹಾರಿದ ಹೆಜ್ಜೆ ಯಾವುದೆಂದು ಗುರುತಿಸುವುದು. ಆಮೇಲೆ ನಿಜವಾದ ಸಮಸ್ಯೆಗೆ ನಿಜವಾದ ಪರಿಹಾರ. ಐದು ಬ್ಯಾಕ್‌ಲಾಗ್ ಇದ್ದರೆ ಹಾಳೆ ತೆಗೆದು ವಿಷಯಗಳನ್ನು ಬರೆಯಿರಿ. ಮರುಮೌಲ್ಯಮಾಪನಕ್ಕೆ ಕೊನೆಯ ದಿನ ಯಾವುದು, ಮುಂದಿನ ಪರೀಕ್ಷೆಗೆ ಯಾವ ಎರಡು ವಿಷಯ, ಉಳಿದ ಮೂರು ಯಾವಾಗ? ಸಾಲದ ಕಂತಿದ್ದರೆ ಅದರ ಮೊತ್ತ ಬರೆಯಿರಿ. ತಲೆಯೊಳಗೆ ಬೆಟ್ಟವಾಗಿದ್ದದ್ದು ಹಾಳೆಯ ಮೇಲೆ ಏಳೆಂಟು ಸಾಲಾಗುತ್ತದೆ. ನಿದ್ದೆಯನ್ನು ಪ್ರತ್ಯೇಕವಾಗಿ ಹಿಡಿಯಿರಿ: ಎರಡು ವಾರದ ನಿದ್ದೆಯ ಲೆಕ್ಕ, ಏಳುವ ಸಮಯ ಒಂದೇ, ರಾತ್ರಿಯ ಕುಡಿತ ನಿಲ್ಲಿಸುವುದು.

ಕಾರಣ ಹೊರಗಿದ್ದಾಗ ಒಳಗಿನ ಚಿಕಿತ್ಸೆ ಮಾತ್ರ ಕೊಟ್ಟರೆ ಅನ್ಯಾಯವಾಗುತ್ತದೆ. ರ‍್ಯಾಗಿಂಗ್‌ಗೆ ಯುಜಿಸಿಯ 1800-180-5522, ಲೈಂಗಿಕ ಕಿರುಕುಳಕ್ಕೆ ಆಂತರಿಕ ದೂರು ಸಮಿತಿ, ಜಾತಿ ನಿಂದನೆಗೆ ಸಮಾನ ಅವಕಾಶ ಕೋಶ ಮತ್ತು ಕಾನೂನು. ಅವಮಾನ ಮಾಡುತ್ತಿರುವ ಗೈಡ್ ಹಾಗೇ ಇರುವಾಗ ವಿದ್ಯಾರ್ಥಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸುವುದು ಚಿಕಿತ್ಸೆಯಲ್ಲ.

ಔಷಧಿಯ ನಿರ್ಧಾರ ಮನೋವೈದ್ಯರದು, ಆದರೆ ನಿಗಾ ನಿಮ್ಮದೂ ಹೌದು. ಖಿನ್ನತೆಯ ಮಾತ್ರೆಗಳು ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ, ಪೂರ್ತಿ ಪರಿಣಾಮಕ್ಕೆ ಆರೇಳು ವಾರ ಬೇಕಾಗಬಹುದು. ಮನಸ್ಸು ಹಗುರಾಗುವ ಮೊದಲೇ ಮೈಗೆ ಚಟುವಟಿಕೆ ಮರಳಬಹುದು. 24 ವರ್ಷದವರೆಗಿನವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆ, ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಿಂದ ಎಚ್ಚರಿಸುತ್ತಿದೆ. ಇದರರ್ಥ ಔಷಧಿ ಬೇಡವೆಂದಲ್ಲ, ಆ ವಾರಗಳಲ್ಲಿ ಹೆಚ್ಚು ಸಲ ನೋಡಬೇಕೆಂದು. ಒಂದು ಸಲಕ್ಕೆ ಒಂದು ವಾರದ ಮಾತ್ರೆ ಮಾತ್ರ ಕೊಡುವಂತೆ ವೈದ್ಯರನ್ನು ಕೇಳಿಕೊಳ್ಳಿ. "ಈಗ ಚೆನ್ನಾಗಿದ್ದೀನಿ" ಎಂದು ತಾವೇ ನಿಲ್ಲಿಸಿಬಿಡುವುದು ತೀರಾ ಸಾಮಾನ್ಯ, ಪ್ರತಿ ಭೇಟಿಯಲ್ಲೂ ಕೇಳಿ.

ಕರೆ ಮಾಡುವ ಕೆಲಸ

ವಿಶ್ವ ಆರೋಗ್ಯ ಸಂಸ್ಥೆ ಐದು ನಗರಗಳಲ್ಲಿ ನಡೆಸಿದ ಅಧ್ಯಯನವೊಂದಿದೆ, ಅದರಲ್ಲಿ ನಮ್ಮ ಪಕ್ಕದ ಚೆನ್ನೈಯೂ ಇತ್ತು. ಪ್ರಯತ್ನಿಸಿ ಬದುಕುಳಿದ 1,867 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಸುಮಾರು ಒಂದು ಗಂಟೆಯ ತಿಳಿವಳಿಕೆ, ನಂತರ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. 2008ರಲ್ಲಿ ಫಲಿತಾಂಶ ಬಂದಾಗ, ಹೀಗೆ ಫೋನು, ಭೇಟಿ ಪಡೆದವರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 0.2%, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 2.2%. ದುಬಾರಿ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಯಾರೋ ನೆನಪಿಟ್ಟು ವಿಚಾರಿಸಿದರು, ಅಷ್ಟೇ.

ಹಾಗಾಗಿ ಕೇಂದ್ರದಲ್ಲಿ ಒಂದು ಕರೆಪುಸ್ತಕ ಇಡಿ. ಮೊದಲ ಭೇಟಿಯ 24 ಗಂಟೆಯೊಳಗೆ ಒಂದು ಕರೆ, ಮೂರನೇ ದಿನ, ಏಳನೇ ದಿನ, ಆಮೇಲೆ ಎಂಟು ವಾರ ವಾರಕ್ಕೊಂದು. "ಊಟ ಆಯ್ತಾ, ನಿನ್ನೆ ರಾತ್ರಿ ಹೇಗಿತ್ತು, ಹಾಳೆ ತೆಗೆದು ನೋಡಿದ್ರಾ?" ಎರಡು ನಿಮಿಷ ಸಾಕು. ಭೇಟಿಗೆ ಬಾರದಿದ್ದರೆ ಅಂದೇ ಕರೆ. ಎತ್ತದಿದ್ದರೆ ಒಂದು ಗಂಟೆಯ ನಂತರ ಮತ್ತೊಂದು. ಆಗಲೂ ಇಲ್ಲವೆಂದರೆ ಸುರಕ್ಷಾ ಯೋಜನೆಯ ನಾಲ್ಕನೇ ಭಾಗದಲ್ಲಿರುವ ವ್ಯಕ್ತಿಗೆ, ನಂತರ ವಾರ್ಡನ್‌ಗೆ. ಈ ಕ್ರಮಕ್ಕೆ ವಿದ್ಯಾರ್ಥಿಯ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು.

ಆಸ್ಪತ್ರೆಯಿಂದ ಮರಳಿದಾಗ

ಮನೋವೈದ್ಯ ವಾರ್ಡಿನಿಂದ ಬಿಡುಗಡೆಯಾದ ಮೊದಲ ವಾರ, ಮೊದಲ ಮೂರು ತಿಂಗಳು ಅತಿ ಹೆಚ್ಚು ಎಚ್ಚರ ಬೇಕಾದ ಕಾಲ. ಹುಷಾರಾಗಿ ಬಂದನೆಂದು ಎಲ್ಲರೂ ಕೈಬಿಡುವುದೂ ಆಗಲೇ. ಡಿಸ್ಚಾರ್ಜ್ ದಿನವೇ ಕೌನ್ಸೆಲರ್ ಮಾತಾಡಬೇಕು, ಎರಡು ಮೂರು ದಿನದೊಳಗೆ ಭೇಟಿ ಆಗಬೇಕು. ಹಳೇ ಸುರಕ್ಷಾ ಯೋಜನೆ ತೆಗೆದು ತಿದ್ದಿ ಬರೆಯಿರಿ.

ಕಾಲೇಜಿನ ಕಡೆಯಿಂದ ಬೇಕಾದ್ದು ವೈದ್ಯಕೀಯ ಪ್ರಮಾಣಪತ್ರದ ಮೇಲೆ ಹಾಜರಾತಿಯಲ್ಲಿ ವಿನಾಯಿತಿ, ತಪ್ಪಿದ ಇಂಟರ್ನಲ್ಸ್ ಮತ್ತೆ ಬರೆಯಲು ಅವಕಾಶ. ಎಚ್‌ಒಡಿಗೆ ಕಳಿಸುವ ಪತ್ರದಲ್ಲಿ "ಅನಾರೋಗ್ಯ" ಎಂಬ ಪದಕ್ಕಿಂತ ಹೆಚ್ಚು ವಿವರ ಬೇಡ. ಇತರರಿಗೆ ತೊಂದರೆಯೆಂದು ಹಾಸ್ಟೆಲ್ ಖಾಲಿ ಮಾಡಿಸುವುದು ಅತ್ಯಂತ ಕೆಟ್ಟ ನಿರ್ಧಾರ. ಜನರ ನಡುವಿನಿಂದ ಒಬ್ಬಂಟಿ ಪಿಜಿ ಕೋಣೆಗೆ ತಳ್ಳಿದಂತೆ ಅದು. ರೂಮ್‌ಮೇಟ್‌ನ್ನೂ ಮರೆಯಬೇಡಿ. ರಾತ್ರಿಗಳನ್ನು ಕಾದು ಕೂತ ಹುಡುಗನಿಗೂ ಒಂದು ಭೇಟಿ ಬೇಕು, ಕಾವಲು ಅವನ ಕೆಲಸವಲ್ಲ ಎಂದು ಯಾರಾದರೂ ಹೇಳಬೇಕು.

ಎಲ್ಲ ಪ್ರಯತ್ನದ ನಂತರವೂ ಒಂದು ಜೀವ ಹೋದರೆ, ಸುದ್ದಿಯನ್ನು ಮೈಕಿನಲ್ಲಾಗಲಿ ವಾಟ್ಸಾಪ್ ಗುಂಪಿನಲ್ಲಾಗಲಿ ಹೇಳಬೇಡಿ. ತರಗತಿ ತರಗತಿಗೆ ಹೋಗಿ ಚಿಕ್ಕ ಗುಂಪಿನಲ್ಲಿ ಹೇಳಿ. ವಿಧಾನದ ವಿವರ, ಪತ್ರದ ಸಾಲು, ಒಂದೇ ಕಾರಣದ ಊಹೆ ಬೇಡ. ಆಪ್ತ ಗೆಳೆಯರು, ಅದೇ ಮಹಡಿಯವರು, ಈಗಾಗಲೇ ನಿಮ್ಮ ಕರೆಪುಸ್ತಕದಲ್ಲಿರುವವರು, ಇವರೆಲ್ಲರನ್ನೂ 24 ಗಂಟೆಯೊಳಗೆ ಖುದ್ದಾಗಿ ಮಾತಾಡಿಸಿ.

ಸೆಮಿಸ್ಟರ್ ರಜೆ

ರಜೆ ಬಂದಾಗ ವಿದ್ಯಾರ್ಥಿ ಊರಿಗೆ ಹೋಗುತ್ತಾರೆ, ಚಿಕಿತ್ಸೆ ಬೆಂಗಳೂರಿನಲ್ಲೇ ಉಳಿಯುತ್ತದೆ. ಹೊರಡುವ ವಾರ ಒಂದು ಭೇಟಿಯನ್ನು ಇದಕ್ಕೇ ಮೀಸಲಿಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರು ಸಿಗುತ್ತಾರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಶಿಬಿರಗಳಿವೆ. ವಿದ್ಯಾರ್ಥಿಯ ಊರಿಗೆ ಯಾವುದು ಹತ್ತಿರವೆಂದು ಹುಡುಕಿ, ಔಷಧಿ ಚೀಟಿಯ ನಕಲಿನ ಜೊತೆ ಬರೆದುಕೊಡಿ. ಸುರಕ್ಷಾ ಯೋಜನೆಯ ಜಾಗಗಳನ್ನು ಊರಿಗೆ ತಕ್ಕಂತೆ ಬದಲಿಸಿ, ಗೇಟಿನ ಬೆಂಚಿನ ಬದಲು ಅಲ್ಲಿ ಚಿಕ್ಕಪ್ಪನ ಅಂಗಡಿ ಇರಬಹುದು. ಹೊಲ, ಗದ್ದೆ ಇರುವ ಮನೆಯಾದರೆ ಕೃಷಿ ರಾಸಾಯನಿಕಗಳನ್ನು ಬೀಗದೊಳಗಿಟ್ಟು ಕೀ ತಮ್ಮ ಬಳಿ ಇಟ್ಟುಕೊಳ್ಳುವಂತೆ ಮನೆಯ ಹಿರಿಯರೊಬ್ಬರಿಗೆ ಮೊದಲೇ ಹೇಳಿಸಿ. ರಜೆಯ ಕರೆಗಳ ದಿನಾಂಕವನ್ನು ಅವರ ಎದುರೇ ಪುಸ್ತಕದಲ್ಲಿ ಬರೆಯಿರಿ. ಫಲಿತಾಂಶ ರಜೆಯಲ್ಲೇ ಬರುವುದಾದರೆ ಆ ದಿನಕ್ಕೊಂದು ಹೆಚ್ಚುವರಿ ಕರೆ, ಕಾಲೇಜು ಮತ್ತೆ ತೆರೆದ ಬೆಳಿಗ್ಗೆ ಮೊದಲ ಕರೆಯೂ ಇದೇ ಪಟ್ಟಿಯಿಂದ.